ಬಟವಾಡೆ ತಪ್ಪಿದ ಸಾಮ್ರಾಜ್ಯ: ಬಾಗ್ದಾದಿನ ಅಬ್ಬಾಸಿ ಖಲೀಫರ ಏಳುಬೀಳು

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ರಾತ್ರಿ ಪಾಳಿ ಮುಗಿಸಿ ನಿದ್ದೆ ತೀರಿಸಿಕೊಂಡು ನಮ್ಮ ವಾಚನಾಲಯಕ್ಕೆ ಬಂದಿದ್ದ ವಿಜಾಪುರ ಕಡೆಯ ತರುಣನೊಬ್ಬ ಜಗತ್ತಿನ ಚರಿತ್ರೆಯ ಪುಸ್ತಕವನ್ನು ನನ್ನ ಮುಂದೆ ಇಟ್ಟು ಕೇಳಿದ: "ಅಣ್ಣಾರ, ಐನೂರು ವರ್ಷದ ರಾಜ್ಯ ಅಂತಾರ, ಮಂಗೋಲರು ಬಂದು ಹತ್ತು-ಹನ್ನೆರಡು ದಿನದಾಗ ಕೆಡವಿದರು ಅಂತಾರ. ಇಷ್ಟ ದೊಡ್ಡದು ಇಷ್ಟ ಲಗೂ ಹೆಂಗ ಬಿತ್ತರೀ?" ಪ್ರಶ್ನೆ ನ್ಯಾಯವಾದದ್ದೇ. ಆಗ ಬಾಯಿಗೆ ಬಂದಂತೆ ಏನೋ ಉತ್ತರ ಕೊಟ್ಟೆ. ಅದು ನನಗೇ ಸಮಾಧಾನವಾಗಲಿಲ್ಲ. ಆದ್ದರಿಂದ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ. 1258ರಲ್ಲಿ ಹುಲಾಗು ಖಾನನು ಕೆಡವಿದ್ದು ಬಾಗ್ದಾದು ಎಂಬ ನಗರವನ್ನು. ಬಾಗ್ದಾದಿನಿಂದ ಆಳುತ್ತಿದ್ದ ಸಾಮ್ರಾಜ್ಯ ಅದಕ್ಕಿಂತ ಮುನ್ನೂರು ವರ್ಷಗಳ ಹಿಂದೆಯೇ ಮುಗಿದಿತ್ತು. ಅದು ಮುಗಿದದ್ದು ರಣರಂಗದಲ್ಲಲ್ಲ, ದಫ್ತರದಲ್ಲಿ. ಹಾಜರಿ ಪುಸ್ತಕವನ್ನೂ ಪಗಾರದ ಪಟ್ಟಿಯನ್ನೂ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಕಥೆ ಹಿಡಿಸಿದ್ದು ಆ ಕಾರಣಕ್ಕೇ.

ಅಬ್ಬಾಸಿಗಳು ಪ್ರವಾದಿ ಮುಹಮ್ಮದರ ಚಿಕ್ಕಪ್ಪ ಅಬ್ಬಾಸರ ವಂಶದವರು. ಅವರಿಗಿಂತ ಮುಂಚೆ ದಮಾಸ್ಕಸಿನಿಂದ ಆಳುತ್ತಿದ್ದವರು ಉಮಯ್ಯಾ ವಂಶದವರು. ಅರಬರಲ್ಲದ ಮುಸಲ್ಮಾನರಿಗೆ, ಮುಖ್ಯವಾಗಿ ಪಾರಸೀಕ ಸೀಮೆಯವರಿಗೆ, ಆ ಆಳ್ವಿಕೆಯಲ್ಲಿ ಸಮಾನವಾದ ಮರ್ಯಾದೆ ಇರಲಿಲ್ಲ. ಈ ಅಸಮಾಧಾನವನ್ನು ಕೂಡಿಸಿ, ಅಬೂ ಮುಸ್ಲಿಂ ಎಂಬ ಸಂಘಟಕನು 747ರಲ್ಲಿ ಖುರಾಸಾನದಲ್ಲಿ ಕಪ್ಪು ಬಾವುಟ ಎತ್ತಿದ. 750ರಲ್ಲಿ ಜಾಬ್ ನದಿಯ ದಂಡೆಯಲ್ಲಿ ಉಮಯ್ಯಾ ಸೈನ್ಯ ಸೋತಿತು. ಗೆಲ್ಲಿಸಿಕೊಟ್ಟ ಅಬೂ ಮುಸ್ಲಿಮನನ್ನು ಎರಡನೆಯ ಖಲೀಫ ಮನ್ಸೂರನು 755ರಲ್ಲಿ ಅರಮನೆಗೆ ಕರೆಸಿ ಕೊಲ್ಲಿಸಿದ. ದುಡಿದವನಿಗೆ ಸಿಕ್ಕ ಕೂಲಿ ಇದು. ಇರಲಿ.

ಇದೇ ಮನ್ಸೂರನು 762ರಲ್ಲಿ ಟೈಗ್ರಿಸ್ ನದಿಯ ಪಕ್ಕದಲ್ಲಿ ಬಾಗ್ದಾದನ್ನು ಕಟ್ಟಿಸಿದ. ಗುಂಡನೆಯ ಕೋಟೆ, ನಾಲ್ಕು ಬಾಗಿಲು. ಒಂದೊಂದು ಬಾಗಿಲಿಗೂ ಅಲ್ಲಿಂದ ಹೊರಡುವ ದಾರಿಯ ಹೆಸರು: ಬಸ್ರಾ, ಕೂಫಾ, ಖುರಾಸಾನ, ಶಾಮ್. ಸ್ಥಳ ಆರಿಸುವುದರಲ್ಲಿ ಅವನು ಬಹಳ ಜಾಣ. ಅಲ್ಲಿ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಒಂದಕ್ಕೊಂದು ಸಮೀಪ ಬರುತ್ತವೆ, ನಡುವೆ ಕಾಲುವೆಗಳಿವೆ. ಸುತ್ತಲಿನ ಬಯಲಿಗೆ 'ಸವಾದ್', ಅಂದರೆ ಕಪ್ಪು ನೆಲ, ಎಂದು ಹೆಸರು. ಮರಳುಗಾಡಿನಿಂದ ಬಂದ ಅರಬರ ಕಣ್ಣಿಗೆ ದಟ್ಟ ಹಸಿರು ಕಪ್ಪಾಗಿ ಕಂಡಿತಂತೆ. ಗೋಧಿ, ಜವೆ, ಖರ್ಜೂರಗಳ ಕಣಜ ಅದು. ಖಲೀಫರ ಬೊಕ್ಕಸಕ್ಕೆ ಅತಿ ಹೆಚ್ಚು ಕಂದಾಯ ಬರುತ್ತಿದ್ದುದೂ ಅಲ್ಲಿಂದಲೇ. 9ನೆಯ ಶತಮಾನದ ಆರಂಭದ ಪಟ್ಟಿಗಳಲ್ಲಿ ಸವಾದಿನ ಕಂದಾಯ ವರ್ಷಕ್ಕೆ 10 ಕೋಟಿ ಬೆಳ್ಳಿ ದಿರ್ಹಮಿಗೂ ಮೇಲಿದೆ. ಈ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾರೂನ್ ಅಲ್ ರಶೀದನ (786-809) ಹೆಸರನ್ನು ಅರಬ್ಬೀ ಕಥೆಗಳಿಂದ ಎಲ್ಲರೂ ಬಲ್ಲರು. ಅವನ ಮಗ ಮಾಮೂನನ (813-833) ಕಾಲದಲ್ಲಿ ಗ್ರೀಕ್ ಗ್ರಂಥಗಳು ಅರಬ್ಬೀ ಭಾಷೆಗೆ ಬಂದವು. ನಮ್ಮ ದೇಶದ ಅಂಕಿಗಳಿಂದ ಲೆಕ್ಕ ಮಾಡುವ ರೀತಿಯನ್ನು ಖ್ವಾರಿಜ್ಮಿ ಎಂಬ ಪಂಡಿತ ಬರೆದು ತಿಳಿಸಿದ. ದಫ್ತರಗಳಲ್ಲಿ ಚರ್ಮದ ಹಾಳೆ ಹೋಗಿ ಕಾಗದ ಬಂತು. ಚರ್ಮದ ಮೇಲೆ ಬರೆದುದನ್ನು ಹೆರೆದು ತಿದ್ದಬಹುದು, ಕಾಗದದ ಮೇಲೆ ಹೆರೆದರೆ ಗುರುತು ಉಳಿಯುತ್ತದೆ. ಕಂದಾಯಕ್ಕೊಂದು, ಸೈನ್ಯಕ್ಕೊಂದು, ಟಪಾಲಿಗೊಂದು ಎಂದು ಬೇರೆ ಬೇರೆ 'ದೀವಾನ್'ಗಳಿದ್ದವು. ಬಾಕಿ, ವಸೂಲು, ಜಮಾ, ಹಿಸಾಬು ಎಂದು ನಾವು ದಿನವೂ ಬರೆಯುವ ಮಾತುಗಳೆಲ್ಲ ಅರಬ್ಬಿಯವು. ಪಾರಸಿಯ ಮೂಲಕ ಸುಲ್ತಾನರ ಕಚೇರಿಗಳನ್ನು ದಾಟಿ ನಮ್ಮ ಕೀರ್ದಿಗೆ ಬಂದು ಕುಳಿತಿವೆ.

ಕನ್ನಡ ನಾಡಿಗೂ ಇಲ್ಲೊಂದು ನಿಜವಾದ ಕೊಂಡಿಯಿದೆ. 851ರ ಸುಮಾರಿನ ಅರಬ್ಬೀ ಬರಹವೊಂದು ಲೋಕದಲ್ಲಿ ನಾಲ್ವರು ದೊಡ್ಡ ರಾಜರೆಂದು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನದ ಅರಸು, ರೂಮಿನ ಅರಸು, ನಾಲ್ಕನೆಯವನು 'ಬಲ್ಹರಾ'. ಬಲ್ಹರಾ ಎಂದರೆ ವಲ್ಲಭರಾಜ, ಎಂದರೆ ಮಾನ್ಯಖೇಟದ ರಾಷ್ಟ್ರಕೂಟ. ಆಗ ಅಲ್ಲಿ ಆಳುತ್ತಿದ್ದವನು ನಮ್ಮ ಅಮೋಘವರ್ಷ ನೃಪತುಂಗ.

ಇನ್ನು ಬೀಳುವ ಕಥೆ. ಹಾರೂನನು ತನ್ನ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿಕೊಟ್ಟು, ಒಬ್ಬರಿಗೊಬ್ಬರು ಮಾತಿಗೆ ತಪ್ಪಬಾರದೆಂದು ಮಕ್ಕಾದಲ್ಲಿ ಪತ್ರ ಬರೆಸಿದ್ದ. ಅಪ್ಪ ಸತ್ತ ಎರಡು ವರ್ಷದಲ್ಲಿ ಪತ್ರ ಹರಿಯಿತು. ಬಾಗ್ದಾದು ಒಂದು ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆಯಲ್ಲಿ ನರಳಿತು. 813ರಲ್ಲಿ ಅಮೀನ್ ಸತ್ತು ಮಾಮೂನ್ ಗೆದ್ದ. ಈ ಜಗಳದಲ್ಲಿ ಹಳೆಯ ಸೈನ್ಯದ ನಂಬಿಕೆ ಹೋಯಿತು. ಅದಕ್ಕೆ ಮುಂದಿನ ಖಲೀಫ ಮುಅತಸಿಮನು ಮಧ್ಯ ಏಷ್ಯದಿಂದ ತುರುಕ ಜಾತಿಯ ಹುಡುಗರನ್ನು ಕೊಂಡು ತಂದು ಸೈನಿಕರನ್ನಾಗಿ ಬೆಳೆಸಿದ. ಅವರಿಗೆ ಊರಿಲ್ಲ, ಬಂಧುಗಳಿಲ್ಲ, ಒಡೆಯನೊಬ್ಬನೇ ದಿಕ್ಕು. ಆದ್ದರಿಂದ ನಿಷ್ಠೆ ತಪ್ಪುವುದಿಲ್ಲ ಎಂಬುದು ಅವನ ಲೆಕ್ಕ. ಬಾಗ್ದಾದಿನ ಜನಕ್ಕೂ ಇವರಿಗೂ ದಿನವೂ ಬಡಿದಾಟವಾಗತೊಡಗಿದಾಗ, 836ರಲ್ಲಿ ಸಾಮರ್ರಾ ಎಂಬ ಹೊಸ ರಾಜಧಾನಿಗೇ ಅವರನ್ನು ಕರೆದೊಯ್ದ.

ಲೆಕ್ಕ ಒಂದು ಕಡೆ ತಪ್ಪಿತ್ತು. ಊರೂ ನಂಟರೂ ಇಲ್ಲದವನಿಗೆ ಪಗಾರವೇ ಎಲ್ಲ. ಹಲವು ವರ್ಷಗಳ ಹಿಂದೆ ನಾನು ದುಡಿಯುತ್ತಿದ್ದ ಒಂದು ಗಿರಣಿಯಲ್ಲಿ, ಹೆಸರು ಬೇಡ, ಹತ್ತನೆಯ ತಾರೀಖಿನ ಬಟವಾಡೆ ಹದಿನೇಳಕ್ಕೆ ಹೋಯಿತು. ಆ ಏಳು ದಿನ ಕಿಟಕಿಯ ಈಚೆ ಕುಳಿತು ಆಚೆಯವರ ಮುಖ ನೋಡಿದ್ದೇನೆ. ಅವರ ಕೈಯಲ್ಲಿ ಊಟದ ಡಬ್ಬಿ ಮಾತ್ರ ಇತ್ತು. ಸಾಮರ್ರಾದವರ ಕೈಯಲ್ಲಿ ಕತ್ತಿ ಇತ್ತು.

861ರಲ್ಲಿ ಅವರು ಖಲೀಫ ಮುತವಕ್ಕಿಲನನ್ನೇ ಕೊಂದರು. ಮುಂದಿನ ಒಂಬತ್ತು ವರ್ಷಗಳಲ್ಲಿ ನಾಲ್ವರು ಖಲೀಫರು ಏರಿ ಇಳಿದರು. ಅವರಲ್ಲಿ ಮುಅತಜ್ಜನ ಕಥೆಯನ್ನು ತಬರಿ ಎಂಬ ಚರಿತ್ರಕಾರ ಬರೆದಿಟ್ಟಿದ್ದಾನೆ. 869ರಲ್ಲಿ ಸೈನಿಕರು ಬಾಕಿ ಪಗಾರ ಕೇಳಲು ಬಂದು, ಕೊನೆಗೆ 50,000 ದೀನಾರಾದರೂ ಕೊಡಿ ಎಂದರು. ಬೊಕ್ಕಸ ಬರಿದಾಗಿತ್ತು. ಖಲೀಫ ತಾಯಿಯನ್ನು ಕೇಳಿದ; ನನ್ನಲ್ಲಿಲ್ಲ ಎಂದಳು ತಾಯಿ. ಸೈನಿಕರು ಖಲೀಫನನ್ನು ಎಳೆದು ತಂದು ಬಿಸಿಲಲ್ಲಿ ನಿಲ್ಲಿಸಿ, ಪದವಿ ಬಿಡಿಸಿ, ಅನ್ನ ನೀರಿಲ್ಲದೆ ಸಾಯಿಸಿದರು. ಆಮೇಲೆ ತಾಯಿ ಬಚ್ಚಿಟ್ಟ ನೆಲಮಾಳಿಗೆಯಲ್ಲಿ ಲಕ್ಷಗಟ್ಟಲೆ ದೀನಾರೂ ರತ್ನಗಳೂ ಸಿಕ್ಕವು.

ಅದೇ 869ರಲ್ಲಿ ಬಸ್ರಾದ ಹತ್ತಿರ ಇನ್ನೊಂದು ಬೆಂಕಿ ಹತ್ತಿತು. ಅಲ್ಲಿಯ ನೆಲದ ಮೇಲೆ ಉಪ್ಪು ಪದರಗಟ್ಟುತ್ತಿತ್ತು. ಆ ಪದರವನ್ನು ಕೆರೆದು, ಬುಟ್ಟಿಯಲ್ಲಿ ಹೊತ್ತು, ಗುಡ್ಡೆ ಹಾಕಿ ನೆಲವನ್ನು ಸಾಗುವಳಿಗೆ ತರುವ ಕೆಲಸಕ್ಕೆ ಧಣಿಗಳು ಗುಲಾಮರನ್ನು ಹಚ್ಚಿದ್ದರು. ಪೂರ್ವ ಆಫ್ರಿಕದಿಂದ ಬಂದ ಇವರನ್ನು 'ಜಂಜ್' ಎನ್ನುತ್ತಿದ್ದರು. ಹೆಂಡಿರಿಲ್ಲ, ಮಕ್ಕಳಿಲ್ಲ; ಕೂಲಿಯೆಂದರೆ ಹಿಡಿ ಹಿಟ್ಟು, ಒಂದಿಷ್ಟು ಖರ್ಜೂರ. ಅಲೀ ಬಿನ್ ಮುಹಮ್ಮದ್ ಎಂಬವನು ಇವರನ್ನು ಎಬ್ಬಿಸಿದ. ಹದಿನಾಲ್ಕು ವರ್ಷ ಇವರು ಖಲೀಫನ ಸೈನ್ಯಗಳನ್ನು ಎದುರಿಸಿದರು; ಕಾಲುವೆಗಳ ನಡುವೆ ತಮ್ಮದೇ ಊರು ಕಟ್ಟಿ, ತಮ್ಮದೇ ನಾಣ್ಯ ಹೊಡೆಸಿದರು. 871ರಲ್ಲಿ ಬಸ್ರಾವನ್ನು ಹಿಡಿದು ಸೂರೆ ಮಾಡಿ ಸಾವಿರಾರು ಜನರನ್ನು ಕೊಂದರು. ತಾವೂ ಗುಲಾಮರನ್ನು ಇಟ್ಟುಕೊಂಡರು. ಅದನ್ನು ಮರೆಮಾಚಬೇಕಾಗಿಲ್ಲ. 883ರಲ್ಲಿ ಬಂಡಾಯ ಅಡಗಿತು. ಆದರೆ ಅಷ್ಟರಲ್ಲಿ ದಕ್ಷಿಣ ಸವಾದಿನ ಎಷ್ಟೋ ಕಾಲುವೆ, ಹೊಲ, ತೋಟ ಹಾಳುಬಿದ್ದಿದ್ದವು. ಇದೇ ಹೊತ್ತಿಗೆ ಈಜಿಪ್ಟಿನ ಅಧಿಕಾರಿ ಇಬ್ನ್ ತುಲೂನ್ ಅಲ್ಲಿಯ ಕಂದಾಯವನ್ನು ಬಹುಮಟ್ಟಿಗೆ ತಾನೇ ಇಟ್ಟುಕೊಳ್ಳತೊಡಗಿದ. ಪೂರ್ವದಲ್ಲಿ ಕಂಚುಗಾರನಾಗಿದ್ದ ಯಾಕೂಬ್ ದೊರೆಯಾಗಿ ಬಾಗ್ದಾದಿನ ಹತ್ತಿರದವರೆಗೂ ದಂಡೆತ್ತಿ ಬಂದ.

ನಡುವೆ ಸ್ವಲ್ಪ ಚೇತರಿಕೆ ಬಂತು. ರಾಜಧಾನಿ 892ರಲ್ಲಿ ಬಾಗ್ದಾದಿಗೆ ಮರಳಿತು. 908ರಲ್ಲಿ ಹದಿಮೂರು ವರ್ಷದ ಮುಕ್ತದಿರನು ಪಟ್ಟಕ್ಕೆ ಬಂದ. 917ರಲ್ಲಿ ರೂಮಿನ ರಾಯಭಾರಿಗಳು ಬಂದಾಗ ಅರಮನೆಯಲ್ಲಿ 38,000 ಪರದೆ ಕಟ್ಟಿದ್ದರಂತೆ. ನೂರು ಸಿಂಹಗಳು, ಬೆಳ್ಳಿಯ ಮರ, ಅದರ ಮೇಲೆ ಶಿಳ್ಳೆ ಹಾಕುವ ಯಂತ್ರದ ಹಕ್ಕಿಗಳು. ಮರುವರ್ಷ ಅಲೀ ಬಿನ್ ಈಸಾ ಎಂಬ ಪ್ರಾಮಾಣಿಕ ವಜೀರನು ಸಿದ್ಧಪಡಿಸಿದ ಜಮಾಖರ್ಚಿನ ಪಟ್ಟಿ ಉಳಿದುಬಂದಿದೆ. ಅದರಲ್ಲಿ ಸವಾದಿನ ಕಂದಾಯ ದಿರ್ಹಮಿನ ಲೆಕ್ಕದಲ್ಲಿ ಸುಮಾರು 3 ಕೋಟಿ. ನೂರು ವರ್ಷದಲ್ಲಿ ಹತ್ತು ಮೂರಾಗಿತ್ತು. ಬರವಿಗಿಂತ ಖರ್ಚು ಹೆಚ್ಚು. ಸೈನ್ಯದ ಪಗಾರ ತಿಂಗಳ ಮೊದಲಿಗೆ ಕೊಡಬೇಕು, ಕಂದಾಯ ಸುಗ್ಗಿಯ ಮೇಲೆ ಬರಬೇಕು. ನಡುವಣ ಅಂತರಕ್ಕೆ ಇಬ್ಬರು ಯಹೂದಿ ಸಾಹುಕಾರರಿಂದ, ಅಹ್ವಾಜ್ ಪ್ರಾಂತದ ಕಂದಾಯದ ಮೇಲೆ ಮುಂಗಡ ಸಾಲ. ಸಾಲದ್ದಕ್ಕೆ, ಕೆಲಸದಿಂದ ತೆಗೆದ ವಜೀರನನ್ನು ಹಿಡಿದು ಹಿಂಸಿಸಿ ಅವನು ತಿಂದದ್ದನ್ನು ಕಕ್ಕಿಸುವುದು ಒಂದು ಆದಾಯದ ಬಾಬತ್ತೇ ಆಯಿತು. ಮುಂದೆ ಹೀಗಾಗುತ್ತದೆಂದು ತಿಳಿದ ವಜೀರನು ಇರುವಷ್ಟು ದಿನ ಹೆಚ್ಚು ತಿನ್ನುತ್ತಿದ್ದ. ಅಲೀ ಬಿನ್ ಈಸಾ ಖರ್ಚು ಕಡಿಮೆ ಮಾಡಲು ಹೊರಟದ್ದಕ್ಕೆ ಅರಮನೆಯವರಿಗೆಲ್ಲ ಶತ್ರುವಾದ. ಆ ಕಾಲದ ಜನರಲ್ಲಿ ನನಗೆ ಗೌರವ ಹುಟ್ಟಿಸುವವನು ಅವನೊಬ್ಬನೇ. 932ರಲ್ಲಿ ಮುಕ್ತದಿರನು ತನ್ನದೇ ಸೇನಾಪತಿಯ ವಿರುದ್ಧದ ಕಾಳಗದಲ್ಲಿ ಸತ್ತ.

936ರಲ್ಲಿ ಖಲೀಫ ರಾಜಿಯು ಕೈಚೆಲ್ಲಿ, ವಾಸಿತದ ಅಧಿಕಾರಿ ಇಬ್ನ್ ರಾಯಿಕನನ್ನು ಕರೆಸಿ 'ಅಮೀರರ ಅಮೀರ' ಎಂಬ ಬಿರುದು ಕೊಟ್ಟು ಬೊಕ್ಕಸವನ್ನೂ ಸೈನ್ಯವನ್ನೂ ಒಪ್ಪಿಸಿದ. ವಜೀರನ ಪದವಿ ಹೆಸರಿಗೆ ಮಾತ್ರ ಉಳಿಯಿತು. ಕಂದಾಯ ಅಮೀರನ ಕೈಗೆ ಹೋಗಿ, ಖಲೀಫನಿಗೆ ಅವನು ಕೊಟ್ಟಷ್ಟು ಸಿಗುತ್ತಿತ್ತು. ಸಾಮ್ರಾಜ್ಯ ಸತ್ತ ತಾರೀಖು ಹೇಳೆಂದರೆ ನಾನು ಇದನ್ನೇ ಹೇಳುತ್ತೇನೆ. ಮರುವರ್ಷ, ಬಜ್ಕಂ ಎಂಬ ಪ್ರತಿಸ್ಪರ್ಧಿ ಏರಿ ಬರುವುದನ್ನು ತಡೆಯಲು ಇಬ್ನ್ ರಾಯಿಕನು ನಹ್ರವಾನ್ ಕಾಲುವೆಯ ಏರಿಯನ್ನೇ ಒಡೆಸಿದ. ಟೈಗ್ರಿಸಿನ ಪೂರ್ವಕ್ಕೆ ನೂರು ಮೈಲಿಗೂ ಹೆಚ್ಚು ಹರಿಯುತ್ತಿದ್ದ, ಪಾರಸೀಕ ಅರಸರ ಕಾಲದಿಂದ ಬಂದ ಮಹಾ ಕಾಲುವೆ ಅದು. ಬಜ್ಕಂ ನಿಲ್ಲಲಿಲ್ಲ, ಬಾಗ್ದಾದಿಗೆ ಬಂದೇ ಬಂದ. ಹೊಲಗಳು ಮಾತ್ರ ಒಣಗಿದವು.

945ರಲ್ಲಿ ಕ್ಯಾಸ್ಪಿಯನ್ ಸಮುದ್ರದ ಕಡೆಯ ಬುವೈಹಿ ಸೋದರರಲ್ಲಿ ಕಿರಿಯವನು ಬಾಗ್ದಾದನ್ನು ಹಿಡಿದ. ಅವನಿಗೂ ಅದೇ ತೊಂದರೆ: ಸೈನಿಕರು ಪಗಾರ ಕೇಳುತ್ತಾರೆ, ಹಣವಿಲ್ಲ. ಅವನು ಪಗಾರಕ್ಕೆ ಬದಲು ಊರುಗಳ ಕಂದಾಯವನ್ನೇ ಸೈನಿಕರಿಗೆ ಬರೆದುಕೊಟ್ಟ. ಇದಕ್ಕೆ 'ಇಕ್ತಾ' ಎಂದು ಹೆಸರು. ನಮ್ಮ ಜಹಾಗೀರಿನ ಹಾಗೆ. ಬುವೈಹಿಗಳ ದಫ್ತರದಲ್ಲೇ ದುಡಿದ ಮಿಸ್ಕವೈಹಿ ಎಂಬ ಬರಹಗಾರ ಇದರ ಫಲವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸೈನಿಕ ಊರನ್ನು ಹಿಂಡಿ, ಕಾಲುವೆ ಹೂಳೆತ್ತಿಸದೆ, ಹಾಳಾದ ಮೇಲೆ ಹಿಂದಿರುಗಿಸಿ ಬೇರೆ ಊರು ಕೇಳುತ್ತಿದ್ದ. ರೈತ ಊರು ಬಿಡುತ್ತಿದ್ದ. ಕಂದಾಯದ ದಫ್ತರಗಳಿಗೆ ಬರೆಯುವ ಕೆಲಸವೇ ಉಳಿಯಲಿಲ್ಲ. ಅಜುದುದ್ದೌಲಾ ಎಂಬ ಸಮರ್ಥ ಬುವೈಹಿ ದೊರೆ ಕಾಲುವೆಗಳನ್ನು ದುರಸ್ತಿ ಮಾಡಿಸಿ, ಬಾಗ್ದಾದಿನಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿದ. 983ರಲ್ಲಿ ಅವನು ಸತ್ತೊಡನೆ ಮಕ್ಕಳು ಹೊಡೆದಾಡಿದರು. 1055ರಲ್ಲಿ ಸೆಲ್ಜೂಕ್ ತುರುಕರು ಬಂದರು. ಒಡೆಯರು ಬದಲಾದರು, ಇಕ್ತಾ ಇನ್ನೂ ಬೆಳೆಯಿತು.

ಕೊನೆಯ ಖಲೀಫ ಮುಸ್ತಅಸಿಮನ ಕೈಯಲ್ಲಿ ಉಳಿದಿದ್ದದ್ದು ಇರಾಕಿನ ಒಂದು ಭಾಗ ಮಾತ್ರ. 1258ರ ಜನವರಿಯಲ್ಲಿ ಅವನ ಸಣ್ಣ ಸೈನ್ಯ ಮಂಗೋಲರನ್ನು ತಡೆಯಲು ಹೋದಾಗ, ಅವರು ರಾತ್ರಿಯಲ್ಲಿ ಅದರ ಬೆನ್ನ ಹಿಂದೆ ಕಾಲುವೆಯ ಏರಿ ಒಡೆದು ನೀರಿನಲ್ಲಿ ಮುಳುಗಿಸಿದರು. ಫೆಬ್ರವರಿ 10ರಂದು ಖಲೀಫ ಶರಣಾದ. ಆ ಮೇಲಿನ ಕೊಲೆ, ಸೂರೆ ಚರಿತ್ರೆಯ ಘೋರ ಪ್ರಕರಣಗಳಲ್ಲೊಂದು; ಅದನ್ನು ಯಾವ ಲೆಕ್ಕವೂ ಹಗುರ ಮಾಡಲಾರದು. ಅಬ್ಬಾಸಿ ವಂಶದ ಒಬ್ಬನು ತಪ್ಪಿಸಿಕೊಂಡು ಕೈರೋ ಸೇರಿದ. ಅಲ್ಲಿ ಆ ವಂಶದ ಹೆಸರಿನ ಖಲೀಫರು 1517ರವರೆಗೂ ಇದ್ದರು.

1957-58ರಲ್ಲಿ ಬಾಗ್ದಾದಿನ ಪೂರ್ವಕ್ಕೆ ದಿಯಾಲಾ ಬಯಲನ್ನು ಅಳೆದು ನೋಡಿದ ವಿದ್ವಾಂಸರು, ಮಂಗೋಲರು ಬರುವ ಎಷ್ಟೋ ಮುಂಚೆಯೇ ಅಲ್ಲಿಯ ಊರುಗಳು ಒಂದೊಂದಾಗಿ ಬರಿದಾಗಿದ್ದುದನ್ನು ಮಡಕೆ ಚೂರುಗಳಿಂದ ಗುರುತಿಸಿದರು. ನಹ್ರವಾನಿನ ಒಣ ಪಾತ್ರದ ಎರಡೂ ಬದಿಗೆ, ಒಂದು ಕಾಲಕ್ಕೆ ವರ್ಷವರ್ಷವೂ ಎತ್ತಿ ಹಾಕಿದ ಹೂಳು ದಿಣ್ಣೆಯಾಗಿ ನಿಂತಿತ್ತು.

ಇಷ್ಟನ್ನೂ ಆ ತರುಣನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿ, "ಹಂಗಾದರ ನಮ್ಮ ಗುಲಬರ್ಗಿ ಬಹಮನಿಯವರದು ಹೆಂಗರೀ?" ಎಂದ. ಅವನ ಮುಂದಿನ ರಜೆಯೊಳಗೆ ಮಹಮೂದ ಗಾವಾನನ ವಿಷಯ ಓದಿಕೊಂಡಿರಬೇಕು.