ಹೊಸ ಜೋಡಿಗೆ ಹಡಗಿನ ಪ್ರವಾಸ: ಟಿಕೇಟು ತೆಗೆಯುವ ಮೊದಲು ತಿಳಿದಿರಬೇಕಾದ ವಿಷಯಗಳು



ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ನಮ್ಮ ಜಿಲ್ಲೆಯ ಪಡುಗಡಿ ಎಂದರೆ ಕಡಲೇ. ಆದರೂ ಮೀನುಗಾರ ಬಂಧುಗಳನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ದಡದಲ್ಲಿ ನಿಂತು ನೋಡಿದವರು. ಈಗ ಮದುವೆಯಾದ ಮಕ್ಕಳು ಊಟಿ, ಮುನ್ನಾರ್ ಬಿಟ್ಟು ಹಡಗಿನಲ್ಲಿ ಮಧುಚಂದ್ರಕ್ಕೆ ಹೋಗಬೇಕು ಎನ್ನುತ್ತಿದ್ದಾರೆ. ಆಮಂತ್ರಣ ಪತ್ರಿಕೆ ಕೊಡಲು ಬರುವ ತಂದೆ ತಾಯಂದಿರು ಮಾತಿನ ನಡುವೆ ಇದರ ಬಗ್ಗೆ ವಿಚಾರಿಸುವುದುಂಟು. ಎಲ್ಲರಿಗೂ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಟ್ಟರೆ ಉಪಕಾರವಾದೀತೆಂದು ಈ ಲೇಖನ.

ಮೊದಲೇ ಒಂದು ಮಾತು. ಹಡಗು ಎಂದೊಡನೆ ಎಲ್ಲರಿಗೂ ಭಯವಾಗುವುದು ಅಲೆಗಳ ಬಗ್ಗೆ. ಮೊದಲ ಸಲ ಹೋಗುವವರಿಗೆ ನಿಜವಾಗಿ ಪೆಟ್ಟು ಬೀಳುವುದು ಬೇರೆ ಮೂರು ಕಡೆ: ತಾರೀಖು, ದಾಖಲೆಯಲ್ಲಿರುವ ಹೆಸರು, ಖರ್ಚಿನ ಲೆಕ್ಕ. ಈ ಮೂರನ್ನೂ ಮನೆಯಲ್ಲೇ ಕುಳಿತು ಸರಿಪಡಿಸಿಕೊಳ್ಳಬಹುದು.

ಯಾವ ತಿಂಗಳಲ್ಲಿ?

ನಮ್ಮ ಕಡೆ ಮದುವೆಗಳ ಭರಾಟೆ ಏಪ್ರಿಲ್, ಮೇ ತಿಂಗಳಲ್ಲಿ. ಅರಬ್ಬೀ ಸಮುದ್ರದ ಪ್ರವಾಸಕ್ಕೆ ಒಳ್ಳೆಯ ಕಾಲ ಅಕ್ಟೋಬರಿನಿಂದ ಮೇ ಮಧ್ಯದವರೆಗೆ. ಮೇ ಕೊನೆಯಲ್ಲಿ ಮದುವೆಯಾಗಿ ಜೂನಿನಲ್ಲಿ ಹಡಗು ಹತ್ತುತ್ತೇವೆ ಎಂದರೆ ಮುಂಗಾರಿನ ಬಾಯಿಗೇ ಹೋದಂತೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ ಇರುತ್ತದೆ. ಅದು ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮ. ಆದರೂ ಪ್ರವಾಸಿಗರು ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ತಪ್ಪಿಲ್ಲ, ಕಡಲು ಅಬ್ಬರಿಸುವ ದಿನಗಳೂ ಅವೇ. ಅದರ ಬೆನ್ನಿಗೇ ಆಟಿ ತಿಂಗಳು, ಮದುಮಗಳು ತವರಿನಲ್ಲಿ ಕೂರುವ ಕಾಲ.

ಹಾಗಾಗಿ ಬೇಸಗೆಯಲ್ಲಿ ಮದುವೆಯಾದವರು ಸಮ್ಮಾನದ ಊಟಗಳನ್ನೆಲ್ಲ ಮುಗಿಸಿ, ಮಳೆಗಾಲ ಕಳೆದು, ನವೆಂಬರಿನಲ್ಲಿ ಹೋಗುವುದು ಲೇಸು. ಮದುವೆಯ ಮರುವಾರವೇ ಹೋಗದಿದ್ದರೆ ಮಧುಚಂದ್ರವಲ್ಲ ಎಂಬ ಶಾಸ್ತ್ರ ಎಲ್ಲೂ ಇಲ್ಲ. ಆ ಐದಾರು ತಿಂಗಳಲ್ಲಿ ದಾಖಲೆಗಳೂ ಸರಿಯಾಗುತ್ತವೆ, ಮದುವೆಯ ಸಾಲದ ಬಿಸಿಯೂ ಸ್ವಲ್ಪ ಆರುತ್ತದೆ.

ಎಲ್ಲಿಂದ ಎಲ್ಲಿಗೆ?

ನಮ್ಮೂರಿನವರಿಗೆ ಹತ್ತಿರದ ದಾರಿಗಳು ಮೂರು.

ಒಂದನೆಯದು ಮುಂಬಯಿ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆ ‘ಎಂಪ್ರೆಸ್’ ಹಡಗಿನ ಪ್ರವಾಸವನ್ನು ಅಲ್ಲಿಂದ ಆರಂಭಿಸಿತು. 1990ರಲ್ಲಿ ಕಟ್ಟಿದ, ಈಜುಕೊಳ, ನಾಟಕಶಾಲೆ, ಹಲವು ಭೋಜನಶಾಲೆಗಳಿರುವ ದೊಡ್ಡ ಹಡಗು ಅದು. ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಎರಡರಿಂದ ಐದು ರಾತ್ರಿಗಳ ಪ್ರವಾಸಗಳನ್ನು ನಡೆಸಿದೆ. ಮಳೆಗಾಲದಲ್ಲಿ ಅದು ಚೆನ್ನೈಗೆ ಹೋಗಿ ಅಲ್ಲಿಂದ ಓಡಾಡಿದ ವರ್ಷಗಳಿವೆ. ಆದ್ದರಿಂದ ಹೊರಡುವ ಬಂದರು ಯಾವುದೆಂದು ಪ್ರತಿ ಸಲ ಕೇಳಿ ತಿಳಿಯಬೇಕು. ಮೊದಲ ಸಲದವರಿಗೆ ಎರಡು ಅಥವಾ ಮೂರು ರಾತ್ರಿಯ ಪ್ರವಾಸ ಸಾಕು. ಕಡಲು ಒಗ್ಗುತ್ತದೋ ಇಲ್ಲವೋ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ.

ಎರಡನೆಯದು ಕೊಚ್ಚಿ. ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಸಂಸ್ಥೆ ಎಂ.ವಿ. ಕವರತ್ತಿ ಹಡಗಿನಲ್ಲಿ ‘ಸಮುದ್ರಂ’ ಎಂಬ ಐದು ದಿನದ ಪ್ರವಾಸ ನಡೆಸುತ್ತ ಬಂದಿದೆ. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ, ರಾತ್ರಿ ಹಡಗಿನಲ್ಲಿ. 700 ಜನ ಹಿಡಿಯುವ ಈ ಹಡಗು ದ್ವೀಪವಾಸಿಗಳ ದಿನನಿತ್ಯದ ಓಡಾಟಕ್ಕೂ ಇರುವಂಥದ್ದು. ಮುಂಬಯಿ ಹಡಗಿನ ಥಳುಕನ್ನು ಇಲ್ಲಿ ನಿರೀಕ್ಷಿಸಬಾರದು. ನಾಲ್ಕು ಬರ್ತಿನ ಕೋಣೆಗಳೂ ಇರುವುದರಿಂದ ಹೊಸ ಜೋಡಿ ಎರಡು ಬರ್ತಿನ ಕೋಣೆಯನ್ನೇ ಕೇಳಿ ಪಡೆಯಬೇಕು, ಇಲ್ಲವಾದರೆ ಮಧುಚಂದ್ರಕ್ಕೆ ಇಬ್ಬರು ಅಪರಿಚಿತರೂ ಜತೆಗಿರುತ್ತಾರೆ!

ಲಕ್ಷದ್ವೀಪ ನಮಗೆ ಪರಕೀಯವೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇರುವ ಅಮಿನಿದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನಮ್ಮ ಕಾಸರಗೋಡು ತಾಲೂಕಿನಂತೆ ಆ ದ್ವೀಪಗಳ ಆಡಳಿತವೂ ಮಂಗಳೂರಿನಿಂದಲೇ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವರು ಕೇಂದ್ರಾಡಳಿತಕ್ಕೆ ಸೇರಿದರು. ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಸರಕು ಹೊತ್ತ ಮಂಜಿಗಳು ಹೋಗುವ ಪರಿಪಾಠ ಮಾತ್ರ ಉಳಿದುಕೊಂಡಿದೆ. ನಮ್ಮ ಮಕ್ಕಳು ಅಲ್ಲಿಗೆ ಹೋಗುವಾಗ ಇಷ್ಟು ತಿಳಿದಿದ್ದರೆ ಒಳ್ಳೆಯದು.

ಮೂರನೆಯದು ಹೊರದೇಶ. ಸಿಂಗಾಪುರದಿಂದ ವರ್ಷವಿಡೀ ಹಡಗುಗಳು ಮಲೇಶಿಯಾ, ಥಾಯ್ಲೆಂಡ್ ಕಡೆಗೆ ಹೋಗುತ್ತವೆ. ಕೊಲ್ಲಿಯಲ್ಲಿ ಚಳಿಗಾಲವೇ ಹಡಗು ಪ್ರವಾಸದ ಋತು. ಮದುಮಗ ಗಲ್ಫಿನಲ್ಲಿ ದುಡಿಯುವವನಾದರೆ ಮನೆಯವರು ಈ ದಾರಿಯನ್ನೂ ಯೋಚಿಸುವುದುಂಟು.

ಪಣಂಬೂರಿಗೆ ವಿದೇಶೀ ಹಡಗುಗಳು ಬಂದ ಸುದ್ದಿ ಪತ್ರಿಕೆಯಲ್ಲಿ ಓದಿ ‘ಅಲ್ಲಿಂದಲೇ ಹತ್ತಬಹುದಲ್ಲ’ ಎನ್ನುವವರಿದ್ದಾರೆ. ಅವು ತಮ್ಮ ಪ್ರಯಾಣಿಕರನ್ನು ಮೂಡುಬಿದಿರೆಯ ಬಸದಿ, ಕುದ್ರೋಳಿ ದೇವಸ್ಥಾನ ನೋಡಲು ಇಳಿಸಿ, ಅವರನ್ನೇ ಹತ್ತಿಸಿಕೊಂಡು ಹೊರಡುವ ಹಡಗುಗಳು.

ಕಡಲು ಹೇಗಿರುತ್ತದೆಂದು ಮೊದಲು ನೋಡಬೇಕೆನ್ನುವವರಿಗೆ ಕೊಚ್ಚಿಯಲ್ಲಿ ಕೇರಳ ಸರಕಾರಿ ಸಂಸ್ಥೆಯ ‘ನೆಫರ್ಟಿಟಿ’ ಹಡಗಿದೆ, ಕೆಲವು ಗಂಟೆ ಹೊರಕಡಲಿಗೆ ಹೋಗಿ ಬರುತ್ತದೆ. ನೀಲೇಶ್ವರದ ಕೋಟಪ್ಪುರದಿಂದ ವಲಿಯಪರಂಬ ಹಿನ್ನೀರಿನಲ್ಲಿ ದೋಣಿಮನೆಯ ಪ್ರವಾಸವೂ ಬಹಳ ಚೆನ್ನ. ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ನಾವು ಅದನ್ನೇ ಸಂತೋಷದಿಂದ ಹೇಳುತ್ತೇವೆ. ಆದರೆ ಹಿನ್ನೀರಿನಲ್ಲಿ ಅಲೆಯಿಲ್ಲ, ಅಲ್ಲಿ ತಲೆ ಸುತ್ತಲಿಲ್ಲವೆಂದು ಕಡಲಿನಲ್ಲೂ ಸುತ್ತುವುದಿಲ್ಲ ಎಂದು ತಿಳಿಯಬಾರದು.

ಹೆಸರು ಮತ್ತು ದಾಖಲೆ

ಗಡಿನಾಡಿನವರಾದ ನಾವು ಅತಿ ಹೆಚ್ಚು ಎಚ್ಚರ ವಹಿಸಬೇಕಾದ ಭಾಗ ಇದು. ನಮ್ಮ ಹೆಸರು ಮನೆಯಲ್ಲಿ ಕನ್ನಡ, ಪಂಚಾಯತಿನ ಪುಸ್ತಕದಲ್ಲಿ ಮಲಯಾಳ, ಕಾರ್ಡಿನಲ್ಲಿ ಇಂಗ್ಲಿಷ್. ಈ ಮೂರು ಲಿಪಿ ದಾಟುವಷ್ಟರಲ್ಲಿ ‘ಗಣೇಶ’ನಿಗೆ ಕೊನೆಯ ‘ಎ’ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಭಟ್ಟರ ‘ಟಿ’ ಒಮ್ಮೆ ಒಂದು, ಒಮ್ಮೆ ಎರಡು. ಶಾಲೆಯ ದಾಖಲೆಯಲ್ಲಿ ಮನೆಹೆಸರಿನ ಒಂದಕ್ಷರ ಮಾತ್ರ, ಆಧಾರಿನಲ್ಲಿ ಅದರ ಪೂರ್ಣರೂಪ. ಊರಿನಲ್ಲಿ ಇದರಿಂದ ತೊಂದರೆಯಿಲ್ಲ, ಗುರುತಿನವರು ಇರುತ್ತಾರೆ. ಬಂದರಿನಲ್ಲಿ ಗುರುತಿನವರು ಇರುವುದಿಲ್ಲ.

ಆದ್ದರಿಂದ:

1. ಯಾವ ಗುರುತುಪತ್ರ ತೋರಿಸಿ ಹಡಗು ಹತ್ತುತ್ತೀರೋ ಅದರಲ್ಲಿರುವ ಕಾಗುಣಿತದಲ್ಲೇ ಟಿಕೇಟು ಮಾಡಿಸಿ. ಏಜೆಂಟರಿಗೆ ಫೋನಿನಲ್ಲಿ ಹೆಸರು ಹೇಳಬೇಡಿ, ಗುರುತುಪತ್ರದ ಪ್ರತಿಯನ್ನೇ ಕಳುಹಿಸಿ.

2. ಮದುಮಗಳ ಹೆಸರಿನ ಮುಂದೆ ಗಂಡನ ಹೆಸರು ಸೇರಿಸುವ ಉತ್ಸಾಹ ಟಿಕೇಟಿನಲ್ಲಿ ಬೇಡ. ಮದುವೆಗೆ ಮುಂಚಿನ ಹೆಸರಿನ ಪಾಸ್‌ಪೋರ್ಟು ಅವಧಿಯಿರುವವರೆಗೆ ಊರ್ಜಿತವೇ. ಪ್ರವಾಸ ಮುಗಿದ ಮೇಲೆ ಬೇಕಾದರೆ ಬದಲಿಸಿಕೊಳ್ಳಬಹುದು.

3. ದೇಶದೊಳಗಿನ ಪ್ರವಾಸಕ್ಕೆ ಸರಕಾರ ಕೊಟ್ಟ ಫೋಟೋ ಗುರುತುಪತ್ರ ಸಾಕು. ಲಕ್ಷದ್ವೀಪಕ್ಕೆ ಮಾತ್ರ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಇದು 1967ರ ನಿಯಮ. ಪ್ರವಾಸ ನಡೆಸುವ ಸಂಸ್ಥೆಯೇ ಮಾಡಿಸಿಕೊಡುವುದು ರೂಢಿ. ಆದರೂ ಯಾವ ಕಾಗದಗಳನ್ನು ಎಷ್ಟು ದಿನ ಮುಂಚೆ ಕೊಡಬೇಕೆಂದು ಬರಹದಲ್ಲಿ ಕೇಳಿ ಪಡೆಯಿರಿ.

4. ಹೊರದೇಶಕ್ಕಾದರೆ ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರು ವಿಶೇಷವಾಗಿ ಗಮನಿಸಬೇಕು. 2022ರ ನವೆಂಬರಿನಿಂದ ಯು.ಎ.ಇ. ಅಂಥವರ ಭೇಟಿ ವೀಸಾಕ್ಕೆ ನಿರ್ಬಂಧ ತಂದಿದೆ.

5. ಹಡಗು ಒಂದು ದೇಶದಿಂದ ಹೊರಟು, ಬೇರೆ ದೇಶ ಮುಟ್ಟಿ, ಮೊದಲಿನ ದೇಶಕ್ಕೇ ಮರಳಿದರೆ ಅದು ಎರಡನೆಯ ಪ್ರವೇಶ. ಒಂದೇ ಸಲದ ವೀಸಾ ಇದ್ದವರಿಗೆ ಅಲ್ಲಿ ತಡೆಯಾಗುತ್ತದೆ. ಗಂಡನಿಗೆ ನಿವಾಸಿ ವೀಸಾ, ಹೆಂಡತಿಗೆ ಭೇಟಿ ವೀಸಾ ಇರುವ ಜೋಡಿಗಳು ಇದನ್ನು ಎರಡೆರಡು ಸಲ ವಿಚಾರಿಸಬೇಕು.

6. ಮದುವೆ ನೋಂದಣಿಯನ್ನು ಮುಂದೂಡಬೇಡಿ. ಮದುವೆ ಕೇರಳದಲ್ಲಿ ನಡೆದಿದ್ದರೆ 45 ದಿನಗಳೊಳಗೆ ಆ ಸ್ಥಳದ ಪಂಚಾಯತು ಅಥವಾ ನಗರಸಭೆಯಲ್ಲಿ. ಪುತ್ತೂರು, ಸುಳ್ಯ, ಮಂಗಳೂರಿನ ಸಭಾಭವನದಲ್ಲಿ ನಡೆದಿದ್ದರೆ ಅಲ್ಲಿಯ ಉಪನೋಂದಣಿ ಕಚೇರಿಯಲ್ಲಿ. ಮನೆ ಈ ಬದಿ, ಮದುವೆ ಆ ಬದಿ ಎಂಬುದು ನಮ್ಮಲ್ಲಿ ಸಾಮಾನ್ಯ. ಎಲ್ಲಿ ತಾಳಿ ಕಟ್ಟಿತೋ ಅಲ್ಲಿಯ ಕಚೇರಿ ಎಂದು ನೆನಪಿಟ್ಟರೆ ಸಾಕು. ಪ್ರಮಾಣಪತ್ರ ಕೈಗೆ ಬಂದೊಡನೆ ಇಂಗ್ಲಿಷ್ ಕಾಗುಣಿತವನ್ನು ಅಲ್ಲೇ ನಿಂತು ಓದಿ ನೋಡಿ.

ಖರ್ಚಿನ ಲೆಕ್ಕ

ಜಾಹೀರಾತಿನಲ್ಲಿ ಕಾಣುವ ದರ ಸಾಧಾರಣವಾಗಿ ಒಬ್ಬರದು, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದರೆ. ಮೊದಲು ಅದನ್ನು ಎರಡರಿಂದ ಗುಣಿಸಿ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಭಕ್ಷೀಸು, ಜಿ.ಎಸ್.ಟಿ. ಸೇರುತ್ತವೆ. ಇವೆಲ್ಲ ಸೇರಿದ ಒಟ್ಟು ಮೊತ್ತವನ್ನು ಒಂದೇ ಹಾಳೆಯಲ್ಲಿ ಕೇಳಿ.

ಸಾಮಾನ್ಯ ಭೋಜನಶಾಲೆಯ ಊಟ, ರಂಗದ ಕಾರ್ಯಕ್ರಮ, ಈಜುಕೊಳ ದರದೊಳಗೇ ಬರುತ್ತವೆ. ವಿಶೇಷ ಭೋಜನಶಾಲೆ, ಪಾನೀಯ, ಇಂಟರ್‌ನೆಟ್, ದಡದ ತಿರುಗಾಟ, ಫೋಟೋ, ಮಸಾಜು, ಇವುಗಳಿಗೆ ಹೆಚ್ಚಾಗಿ ಪ್ರತ್ಯೇಕ ಹಣ. ಹಡಗಿನಲ್ಲಿ ನೋಟು ಎಣಿಸುವ ಕ್ರಮವಿಲ್ಲ, ಎಲ್ಲವೂ ಕೋಣೆಯ ಕಾರ್ಡಿಗೆ ಬರೆದು ಕೊನೆಯ ದಿನ ಒಟ್ಟಿಗೆ ಬಿಲ್ಲಾಗುತ್ತದೆ. ಕೈಯಿಂದ ನೋಟು ಹೋಗದಿದ್ದಾಗ ಖರ್ಚು ಕಣ್ಣಿಗೆ ಕಾಣುವುದಿಲ್ಲ. ದಿನಕ್ಕೊಮ್ಮೆ ಸ್ವಾಗತ ಕಚೇರಿಯಲ್ಲಿ ಲೆಕ್ಕ ಕೇಳಿ ನೋಡಿಕೊಳ್ಳಿ.

ಹೊರದೇಶದ ಪ್ಯಾಕೇಜಿಗೆ ಟಿ.ಸಿ.ಎಸ್. ಎಂಬ ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತಾರೆ. ಅದು ಹೋದ ಹಣವಲ್ಲ, ಯಾರ ಪಾನ್ ನಂಬ್ರ ಕೊಟ್ಟಿದ್ದೀರೋ ಅವರ ಆದಾಯ ತೆರಿಗೆ ರಿಟರ್ನಿನಲ್ಲಿ ಹಿಂದೆ ಪಡೆಯಬಹುದು. ರಿಟರ್ನು ಸಲ್ಲಿಸುವವರ ಪಾನ್ ನಂಬ್ರವನ್ನೇ ಕೊಡುವುದು ಜಾಣತನ.

ರದ್ದತಿಯ ನಿಯಮವನ್ನು ಹಣ ಕಟ್ಟುವ ಮೊದಲು ಓದಿ. ನಮ್ಮ ಮನೆಗಳಲ್ಲಿ ಸೂತಕವೋ ಕಾಯಿಲೆಯೋ ಬಂದರೆ ಪ್ರಯಾಣ ನಿಲ್ಲುತ್ತದೆ, ಹಡಗಿನವರಿಗೆ ಅದು ಗೊತ್ತಿರುವುದಿಲ್ಲ. ತಾರೀಖು ಹತ್ತಿರವಾದಂತೆ ಹಿಂದೆ ಸಿಗುವ ಹಣ ಕಡಿಮೆಯಾಗುತ್ತದೆ. ಪ್ರವಾಸ ವಿಮೆ ಮಾಡಿಸುವುದಾದರೆ ಅದರಲ್ಲಿ ರದ್ದತಿಯೂ ಸೇರಿದೆಯೇ ಎಂದು ನೋಡಿ.

ಕೋಣೆ, ಹೊಟ್ಟೆ, ಊಟ

ಕೋಣೆಗಳಲ್ಲಿ ಕಿಟಕಿಯಿಲ್ಲದ ಒಳಕೋಣೆ, ಕಡಲು ಕಾಣುವ ಕೋಣೆ, ಜಗಲಿಯಿರುವ ಕೋಣೆ ಎಂದು ಅಂತಸ್ತುಗಳಿವೆ. ಎರಡು ರಾತ್ರಿಗೆ ಜಗಲಿ ಬೇಕೆಂದೇನಿಲ್ಲ, ಕಿಟಕಿ ಇದ್ದರೆ ಸಾಕು. ಹಲವು ಹಡಗುಗಳಲ್ಲಿ ಎರಡು ಬಿಡಿ ಮಂಚಗಳಿರುತ್ತವೆ, ಜೋಡಿಸಿ ಕೊಡಿ ಎಂದು ಟಿಕೇಟು ಮಾಡುವಾಗಲೇ ಬರೆಸಿ. ಸಂಕೋಚಪಡುವ ವಿಷಯವಲ್ಲ.

ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಸಂಪಾಜೆ ಘಾಟಿಯ ಬಸ್ಸಿನಲ್ಲಿ ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ಒಯ್ಯಬೇಕು. ವಾಂತಿ ಬಂದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳುವುದು ಕ್ರಮ. ಹೊರಗೆ ಬಂದು ದೂರದ ದಿಗಂತವನ್ನು ನೋಡುತ್ತ ಕುಳಿತರೂ ಹಿತವಾಗುತ್ತದೆ.

ಮುಂಬಯಿಯಿಂದ ಹೊರಡುವ ಹಡಗಿನಲ್ಲಿ ಸಸ್ಯಾಹಾರ, ಜೈನ ಊಟ ಸಿಗುತ್ತದೆ. ವಿದೇಶೀ ಹಡಗಾದರೆ ಟಿಕೇಟು ಮಾಡುವಾಗಲೇ ತಿಳಿಸಬೇಕು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಊದುಬತ್ತಿ ಒಯ್ಯಬೇಡಿ. ಬೆಂಕಿಯ ಭಯದಿಂದ ತೆಗೆದಿರಿಸುತ್ತಾರೆ.

ಹತ್ತುವ ದಿನ

ರೈಲಿಗೆ ತಡವಾದರೆ ಮುಂದಿನ ರೈಲುಂಟು, ಹಡಗಿಗೆ ಅದಿಲ್ಲ. ಹೊರಡುವ ಹೊತ್ತಿಗೆ ಬಹಳ ಮೊದಲೇ ಬಾಗಿಲು ಮುಚ್ಚುತ್ತಾರೆ. ನೇತ್ರಾವತಿಯಲ್ಲೋ ಮತ್ಸ್ಯಗಂಧದಲ್ಲೋ ಹೋಗುವವರು ಮುಂಬಯಿಗೆ ಹಿಂದಿನ ದಿನವೇ ತಲುಪಿ ಒಂದು ರಾತ್ರಿ ಉಳಿಯಬೇಕು.

ಹಡಗಿನಲ್ಲಿ ಮೊದಲು ನಡೆಯುವುದು ಸುರಕ್ಷತಾ ಅಭ್ಯಾಸ. ಅದಕ್ಕೆ ‘ಮಸ್ಟರ್’ ಎನ್ನುತ್ತಾರೆ, ಎಲ್ಲರೂ ಹೋಗಲೇಬೇಕು. ಜೀವರಕ್ಷಕ ಅಂಗಿ ಎಲ್ಲಿದೆ, ಆಪತ್ತಿನಲ್ಲಿ ಎಲ್ಲಿ ಸೇರಬೇಕು ಎಂದು ತೋರಿಸುತ್ತಾರೆ. ದೊಡ್ಡ ಹಡಗು ದ್ವೀಪದ ಹತ್ತಿರ ಹೋಗಲಾರದೆ ದೂರ ನಿಂತು, ಚಿಕ್ಕ ದೋಣಿಯಲ್ಲಿ ಜನರನ್ನು ದಡಕ್ಕೆ ಒಯ್ಯುವುದಕ್ಕೆ ‘ಟೆಂಡರ್’ ಎಂದು ಹೆಸರು. ಅಲೆ ಜಾಸ್ತಿಯಿದ್ದರೆ ಇಳಿಸುವುದೇ ಇಲ್ಲ. ದ್ವೀಪ ಕಣ್ಣೆದುರು ಇದ್ದೂ ಕಾಲಿಡಲಾಗದೆ ಮರಳಬೇಕಾದೀತು, ಮನಸ್ಸನ್ನು ಅದಕ್ಕೂ ಸಿದ್ಧ ಮಾಡಿಕೊಂಡಿರಬೇಕು.

ಪ್ರಕಟಣೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಿಗೆ ಅಳುಕು ಬೇಡ. ಕನ್ನಡ, ತುಳು, ಮಲಯಾಳ ಮೂರನ್ನೂ ದಿನಾ ಆಡುವವರಿಗೆ ನಾಲ್ಕನೆಯ ಭಾಷೆಯಲ್ಲಿ ನಾಲ್ಕು ಪ್ರಶ್ನೆ ಕೇಳುವುದು ದೊಡ್ಡದಲ್ಲ. ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎನ್ನಲು ನಾಚಬಾರದು.

ಹಿರಿಯರಿಗೆ ಎರಡು ಮಾತು

ದಡ ಬಿಟ್ಟು ಸ್ವಲ್ಪ ದೂರ ಹೋದರೆ ಫೋನು ಸಿಗುವುದಿಲ್ಲ. ಹಡಗಿನ ಉಪಗ್ರಹ ಜಾಲಕ್ಕೆ ಫೋನು ತಾನಾಗಿ ಸೇರಿಕೊಂಡರೆ ದೊಡ್ಡ ಬಿಲ್ಲು ಬರುತ್ತದೆ. ಆದ್ದರಿಂದ ಮಕ್ಕಳು ಅದನ್ನು ಫ್ಲೈಟ್ ಮೋಡಿನಲ್ಲಿ ಇಡುವುದೇ ಸರಿ. ಒಂದೆರಡು ದಿನ ಮಗಳ ದನಿ ಕೇಳಲಿಲ್ಲವೆಂದು ಗಾಬರಿಯಾಗಬೇಡಿ. ಹೊರಡುವ ಮೊದಲು ಹಡಗಿನ ಹೆಸರು, ಕೋಣೆಯ ನಂಬ್ರ, ಮರಳುವ ದಿನ ಬರೆಸಿಟ್ಟುಕೊಳ್ಳಿ.

ಮತ್ತೊಂದು ಮಾತು, ಇದಕ್ಕಾಗಿ ಚಿನ್ನ ಅಡವಿಡಬೇಡಿ. ನೆರೆಮನೆಯ ಮಗ ಹೋದ, ನಮ್ಮವರೂ ಹೋಗಲಿ ಎಂಬುದು ಪ್ರವಾಸಕ್ಕೆ ಕಾರಣವಾಗಬಾರದು. ಮದುವೆಯ ಸಾಲದ ಮೇಲೆ ಹಡಗಿನ ಸಾಲ ಸೇರಿದರೆ ತೀರಿಸುವವರು ಆ ಹೊಸ ಜೋಡಿಯೇ. ಇಬ್ಬರೂ ಸೇರಿ ಐದಾರು ತಿಂಗಳು ಕೂಡಿಟ್ಟು, ನವೆಂಬರಿನ ತಿಳಿ ಆಕಾಶದಲ್ಲಿ ಹೋಗಿ ಬರಲಿ. ಸಂಸಾರದ ಮೊದಲ ಲೆಕ್ಕವನ್ನು ಒಟ್ಟಿಗೆ ಬರೆದಂತೆಯೂ ಆಯಿತು.

ಹೆಸರಿನ ಕಾಗುಣಿತ, ಅರ್ಜಿ ನಮೂನೆಗಳ ವಿಷಯದಲ್ಲಿ ಸಂದೇಹವಿದ್ದ ಸದಸ್ಯರು ದಾಖಲೆಗಳ ಪ್ರತಿಗಳೊಂದಿಗೆ ಸಂಘದ ಕಚೇರಿಗೆ ಬರಬಹುದು. ಒಟ್ಟಿಗೆ ಕುಳಿತು ನೋಡೋಣ. ಹೊಸದಾಗಿ ಮದುವೆಯಾದ, ಆಗಲಿರುವ ನಮ್ಮ ಎಲ್ಲ ಮಕ್ಕಳಿಗೆ ಶುಭಾಶಯಗಳು.

— ಕಾರ್ಯದರ್ಶಿ