ಕರುಳಿನಿಂದ ಹಿಗ್ಗಿಸಿದ ಮೂತ್ರಕೋಶ: ದಶಕಗಳ ಮೇಲಣ ಫಲ

ಚೆನ್ನೈಯ ವಡಪಳನಿ ಎಂದೊಡನೆ ಹಿಂದಿನ ತಲೆಮಾರಿನ ಕನ್ನಡಿಗರಿಗೆ ನೆನಪಾಗುವುದು ಮುರುಗನ ಗುಡಿ, ಅದರ ಬಳಿಕ ಎಷ್ಟೋ ಕನ್ನಡ ಚಿತ್ರಗಳು ಸಿದ್ಧವಾದ ವಿಜಯ-ವಾಹಿನಿ ಸ್ಟುಡಿಯೋ. ಸ್ಟುಡಿಯೋದ ಒಡೆಯರಾಗಿದ್ದ ಬಿ. ನಾಗಿರೆಡ್ಡಿಯವರು 1972ರಲ್ಲಿ ಅಲ್ಲಿ ವಿಜಯ ಆಸ್ಪತ್ರೆಯನ್ನು ಸ್ಥಾಪಿಸಿದ ಮೇಲೆ ಆ ಬಡಾವಣೆಗೆ ವೈದ್ಯದ ನಂಟೂ ಬೆಳೆಯಿತು. ಅದೇ 1972ರಲ್ಲಿ ದೂರದ ಅಮೆರಿಕದಲ್ಲಿ ಜಾಕ್ ಲ್ಯಾಪಿಡಿಸ್ ಎಂಬ ವೈದ್ಯರು ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ಅಂದು ಇದಕ್ಕೆ ದೊರೆತ ಗೌರವ ಅಲ್ಪ. ಆದರೆ ಬೆನ್ನುಹುರಿಯ ಜನ್ಮದೋಷವುಳ್ಳ ಸಾವಿರಾರು ಮಕ್ಕಳು ಇಂದು ನಡುವಯಸ್ಸನ್ನು ಮುಟ್ಟಿರುವುದಕ್ಕೆ ಅದು ಮುಖ್ಯ ಕಾರಣಗಳಲ್ಲೊಂದು.

ಸ್ಪೈನಾ ಬೈಫಿಡಾ ಎಂಬ ಈ ದೋಷದಲ್ಲಿ, ಗರ್ಭ ನಿಂತ ಮೊದಲ ನಾಲ್ಕು ವಾರಗಳೊಳಗೆ ಮುಚ್ಚಿಕೊಳ್ಳಬೇಕಾದ ನರನಾಳವು ಕೆಳಭಾಗದಲ್ಲಿ ತೆರೆದೇ ಉಳಿಯುತ್ತದೆ. ಕಾಲುಗಳ ಬಲಹೀನತೆ ಎಲ್ಲರ ಕಣ್ಣಿಗೂ ಬೀಳುವುದು; ಮೂತ್ರಕೋಶಕ್ಕೆ ಹೋಗುವ ನರಗಳು ಕೆಟ್ಟಿರುವುದು ಕಾಣುವುದಿಲ್ಲ. ಅಂಥ ಮೂತ್ರಕೋಶವು ಹಿಗ್ಗಲಾರದು, ತಾನಾಗಿ ಬರಿದಾಗಲಾರದು. ಒಳಗಣ ಒತ್ತಡವೇರಿ ಮೂತ್ರವು ಹಿಂದಕ್ಕೆ ಸರಿದು ಮೂತ್ರಪಿಂಡಗಳನ್ನು ಸವೆಸುತ್ತದೆ. ಬೆನ್ನಿನ ಗಾಯವನ್ನು ಗೆದ್ದ ಮಕ್ಕಳನ್ನು ಆ ಕಾಲದಲ್ಲಿ ಬಲಿ ತೆಗೆದುಕೊಳ್ಳುತ್ತಿದ್ದುದು ಹೆಚ್ಚಾಗಿ ಈ ಸವೆತವೇ.

ಲ್ಯಾಪಿಡಿಸರ ಕ್ರಮ ಇಷ್ಟೆ: ಕೆಲವು ಗಂಟೆಗೊಮ್ಮೆ ರೋಗಿಯೇ ಕೈ ತೊಳೆದುಕೊಂಡು ಕ್ಯಾಥೆಟರ್ ಹಾಕಿ ಮೂತ್ರಕೋಶವನ್ನು ಬರಿದು ಮಾಡತಕ್ಕದ್ದು. ಸಂಪೂರ್ಣ ಕ್ರಿಮಿರಹಿತತೆ ಬೇಡ, ಶುಚಿ ಸಾಕು. ಕರುಳಿನ ತುಂಡನ್ನು ಸೀಳಿ ಮೂತ್ರಕೋಶಕ್ಕೆ ಹೊಲಿದು ಅದನ್ನು ಹಿಗ್ಗಿಸುವ ಶಸ್ತ್ರಕ್ರಿಯೆಯನ್ನು ಮಿಕುಲಿಚ್ ಎಂಬವರು 19ನೆಯ ಶತಮಾನದ ಕೊನೆಯಲ್ಲೇ ಮಾಡಿದ್ದರು. ಆದರೆ ಹಿಗ್ಗಿಸಿದ ಚೀಲವನ್ನು ಬರಿದು ಮಾಡುವ ದಾರಿ ಕಾಣದೆ ನರದೋಷದ ರೋಗಿಗಳಿಗೆ ಅದು ಒದಗಲಿಲ್ಲ. ಕ್ಯಾಥೆಟರು ಆ ದಾರಿಯನ್ನು ತೆರೆಯಿತು. 1980ರಲ್ಲಿ ಫ್ರಾನ್ಸಿನ ಪಾಲ್ ಮಿತ್ರೊಫನಾಫ್ ಅಪೆಂಡಿಕ್ಸನ್ನೇ ಕೊಳವೆಯಾಗಿ ಬಳಸಿ ಮೂತ್ರಕೋಶದಿಂದ ಹೊಟ್ಟೆಯ ಹೊರಮೈಗೆ ಸಣ್ಣದೊಂದು ದ್ವಾರವನ್ನು ರಚಿಸಿದರು. ಗಾಲಿಕುರ್ಚಿಯಿಂದ ಇಳಿಯಲಾರದ ಹೆಣ್ಣುಮಕ್ಕಳಿಗೆ ಇದರಿಂದಾದ ಉಪಕಾರವನ್ನು ಅವರೇ ಬಲ್ಲರು.

ಹೀಗೆ ಬಾಲ್ಯದಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರ ಗತಿ ಮುಂದೇನು? ಬಟ್ಟೆ ಒದ್ದೆಯಾಗದೆ ಶಾಲೆಗೆ, ಕಚೇರಿಗೆ ಹೋಗುವ ಸ್ಥಿತಿ ಬಹುಮಂದಿಗೆ ದೊರೆತಿದೆ, ಮೂತ್ರಪಿಂಡಗಳೂ ಉಳಿದಿವೆ. ಇದು ಸಣ್ಣ ಲಾಭವಲ್ಲ. ಆದರೆ ಲೆಕ್ಕದ ಮತ್ತೊಂದು ಬದಿಯೂ ಉಂಟು. ಅಮೆರಿಕದ ಇಂಡಿಯಾನಾದ ವೈದ್ಯರು 500 ಮಂದಿಯನ್ನು ಸರಾಸರಿ 13 ವರ್ಷ ಕಾಲ ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ಮೂವರಲ್ಲಿ ಒಬ್ಬರಿಗೆ ಮೂತ್ರಕೋಶಕ್ಕೆ ಸಂಬಂಧಿಸಿದ ಮತ್ತೊಂದು ಶಸ್ತ್ರಕ್ರಿಯೆ ಬೇಕಾಯಿತು. 75 ಮಂದಿಗೆ ಕಲ್ಲು ಕಟ್ಟಿತು. 43 ಮಂದಿಗೆ ಮೂತ್ರಕೋಶವೇ ಬಿರಿಯಿತು. ಮೂವರಿಗೆ ಕ್ಯಾನ್ಸರ್ ತೋರಿತು. ಇದು ಒಮ್ಮೆ ಬೆಲೆ ತೆತ್ತು ಕೊಂಡ ಸ್ವತ್ತಲ್ಲ, ಜೀವಮಾನವಿಡೀ ಕಂತು ಕಟ್ಟಬೇಕಾದ ಸಾಲ.

ಕಾರಣವನ್ನು ತಿಳಿಯುವುದು ಕಠಿಣವಲ್ಲ. ಕರುಳು ಎಲ್ಲಿ ಹೊಲಿದರೂ ಕರುಳೇ. ಅದು ಲೋಳೆಯನ್ನು ಸ್ರವಿಸುತ್ತದೆ. ಲೋಳೆ ತಂಗಿದಲ್ಲಿ ಸೋಂಕು, ಸೋಂಕಿನ ಸುತ್ತ ಕಲ್ಲು. ಆದುದರಿಂದ ಮೂತ್ರಕೋಶವನ್ನು ಆಗಾಗ ಉಪ್ಪುನೀರಿನಿಂದ ತೊಳೆಯಬೇಕು. ಕರುಳಿಗೆ ಹೀರುವ ಸ್ವಭಾವವೂ ಇದೆ: ಮೂತ್ರದ ಆಮ್ಲಾಂಶ ರಕ್ತಕ್ಕೆ ಮರಳಿ, ವರ್ಷಗಳು ಕಳೆದಂತೆ ಎಲುಬಿನ ಸುಣ್ಣವನ್ನು ಕರಗಿಸಬಹುದು. ಚೆನ್ನೈಯ ಮೇ ತಿಂಗಳ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದವರಿಗೆ ಕಲ್ಲಿನ ತೊಂದರೆ ಬೇಗ ಬರಬಹುದು. ಬಿ12 ಜೀವಸತ್ತ್ವದ ಕೊರತೆಯಾದರೋ ಯಕೃತ್ತಿನ ದಾಸ್ತಾನು ತೀರುವವರೆಗೆ ಹಲವು ವರ್ಷ ಅಡಗಿದ್ದು ಆಮೇಲೆ ಹೊರಬೀಳುವುದು. ವರ್ಷಕ್ಕೊಮ್ಮೆ ರಕ್ತಪರೀಕ್ಷೆಯನ್ನೂ ಸ್ಕ್ಯಾನನ್ನೂ ಮಾಡಿಸಬೇಕೆನ್ನುವುದು ಇದಕ್ಕಾಗಿ. ಕ್ಯಾನ್ಸರಿನ ವಿಷಯದಲ್ಲಿ ಅತಿಭಯ ಸಲ್ಲದು: ಹೊಲಿದ ಕರುಳೇ ಅದಕ್ಕೆ ಕಾರಣವೆಂಬುದು ಸಿದ್ಧವಾಗಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಅಲಕ್ಷಿಸಕೂಡದು. ವಿಚಿತ್ರವಾದ ಇನ್ನೊಂದು ಸಂಗತಿ: ಲೋಳೆಯ ದೆಸೆಯಿಂದ ಮನೆಯಲ್ಲಿ ಮಾಡುವ ಮೂತ್ರದ ಗರ್ಭಪರೀಕ್ಷೆ ಸುಳ್ಳು ಹೇಳಬಹುದು, ಈ ಸ್ತ್ರೀಯರು ರಕ್ತಪರೀಕ್ಷೆಯನ್ನೇ ನಂಬತಕ್ಕದ್ದು.

ಎಲ್ಲಕ್ಕಿಂತ ಅಪಾಯಕರವಾದುದು ಬಿರಿಯುವಿಕೆ. ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟವರು, ಮದುವೆಯ ಮನೆಯಲ್ಲಿ ಸಂಕೋಚಪಟ್ಟವರು ಕ್ಯಾಥೆಟರಿನ ಹೊತ್ತನ್ನು ಮೀರುತ್ತಾರೆ. ತುಂಬಿ ಬಿಗಿದ ಚೀಲ ಒಡೆಯುತ್ತದೆ. ಬೇರೆಯವರಾದರೆ ನೋವಿನಿಂದ ಕೂಗಿಯಾರು. ಇವರಿಗೆ ಕೆಳಹೊಟ್ಟೆಯ ಅರಿವೇ ಕಡಿಮೆ. ಹೊಟ್ಟೆ ಉಬ್ಬರ, ವಾಂತಿ, ಜ್ವರ, ಭುಜದಲ್ಲಿ ನೋವು, ಕ್ಯಾಥೆಟರಿನಲ್ಲಿ ಮೂತ್ರ ಬಾರದಿರುವುದು: ಲಕ್ಷಣಗಳು ಇಷ್ಟೆ. ಇತಿಹಾಸ ತಿಳಿಯದ ವೈದ್ಯರು ಅಜೀರ್ಣವೆಂದು ಮನೆಗೆ ಕಳುಹಿಸಿದರೆ ಪ್ರಾಣಕ್ಕೇ ಕುತ್ತು. ಮೂತ್ರಕೋಶದೊಳಕ್ಕೆ ಬಣ್ಣ ತುಂಬಿ ತೆಗೆದ ಚಿತ್ರವೂ ಒಮ್ಮೊಮ್ಮೆ ಬಿರುಕನ್ನು ತೋರದು. ಮಿದುಳಿನ ನೀರನ್ನು ಹೊಟ್ಟೆಗೆ ಇಳಿಸುವ ಷಂಟ್ ಕೊಳವೆ ಈ ರೋಗಿಗಳಲ್ಲಿ ಅನೇಕರಿಗೆ ಇರುವುದರಿಂದ, ಸೋರಿದ ಮೂತ್ರದ ಸೋಂಕು ಅದರ ಮೂಲಕ ತಲೆಗೂ ಏರಬಲ್ಲದು.

ಕರುಳಿನ ಬದಲು ರೋಗಿಯ ಜೀವಕೋಶಗಳಿಂದಲೇ ಬೆಳೆಸಿದ ಅಂಗಾಂಶವನ್ನು ಬಳಸಬಹುದೆಂದು 2006ರಲ್ಲಿ ಆಂಥೊನಿ ಅಟಾಲಾ ತಂಡದವರು ಏಳು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ ಬಹಳ ಆಸೆ ಹುಟ್ಟಿತ್ತು. 2014ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗ ಆ ಆಸೆಯನ್ನು ಈಡೇರಿಸಲಿಲ್ಲ. ಸದ್ಯಕ್ಕೆ ಕರುಳೇ ಗತಿ.

ಮಕ್ಕಳ ಶಸ್ತ್ರವೈದ್ಯರು ಬೆಳೆದವರನ್ನು ನೋಡುವುದಿಲ್ಲ; ದೊಡ್ಡವರ ವೈದ್ಯರಲ್ಲಿ ಈ ಶಸ್ತ್ರಕ್ರಿಯೆಯ ಪರಿಚಯವುಳ್ಳವರು ವಿರಳ. ಪರವೂರುಗಳ ಕನ್ನಡ ಕುಟುಂಬಗಳಿಗೆ ಇದು ಇನ್ನೂ ತೊಡಕು. ಹುಬ್ಬಳ್ಳಿಯಲ್ಲೋ ಮುಂಬಯಿಯಲ್ಲೋ ಬಾಲ್ಯದಲ್ಲಿ ಶಸ್ತ್ರಕ್ರಿಯೆಯಾಗಿ, ತಂದೆಯ ವರ್ಗಾವಣೆಯೊಡನೆ ವಡಪಳನಿಗೆ ಬಂದ ಯುವಕನಿಗೆ ತನ್ನ ಹೊಟ್ಟೆಯೊಳಗೆ ಏನು ನಡೆದಿದೆಯೆಂಬುದು ತಾಯಿಯ ನೆನಪಿನಲ್ಲಷ್ಟೇ ಉಳಿದಿರುತ್ತದೆ. ಶಸ್ತ್ರಕ್ರಿಯೆಯ ವರ್ಷ, ಬಳಸಿದ ಕರುಳಿನ ಭಾಗ, ಹೊಟ್ಟೆಯ ಮೇಲಣ ದ್ವಾರ, ಷಂಟ್ ಇದೆಯೋ ಇಲ್ಲವೋ, ಕ್ಯಾಥೆಟರಿನ ಅಳತೆ, ಈ ರೋಗಿಗಳಲ್ಲಿ ಸಾಮಾನ್ಯವಾದ ಲ್ಯಾಟೆಕ್ಸ್ ರಬ್ಬರಿನ ಅಲರ್ಜಿ: ಇವಿಷ್ಟೂ ಒಂದು ಕಾಗದದ ಅರ್ಧ ಪುಟದಲ್ಲಿ ಹಿಡಿಸುತ್ತವೆ. ತಮಿಳುನಾಡಿನಲ್ಲಿರುವವರು ಅದನ್ನು ಇಂಗ್ಲಿಷಿನಲ್ಲಿಯೂ ತಮಿಳಿನಲ್ಲಿಯೂ ಬರೆಯಿಸಿ, ಜೇಬಿನಲ್ಲಿ ಒಂದು ಪ್ರತಿಯನ್ನೂ ಮನೆಯಲ್ಲಿ ಒಂದನ್ನೂ ಇಟ್ಟುಕೊಳ್ಳುವುದು ಲೇಸು. ರಾತ್ರಿ ವೇಳೆ ತುರ್ತುವಿಭಾಗದಲ್ಲಿರುವ ಕಿರಿಯ ವೈದ್ಯರು ಮೊದಲು ಕೇಳುವುದು ಅದನ್ನೇ.