ಹುಲ್ಲೆ ಜಿಂಕೆಗಳ ಹಾವಳಿಯೂ ಬೇಟೆಯ ಕಾಲವೂ

ಜಿಂಕೆಗಳನ್ನು ಹೊಡೆಯುವುದಕ್ಕೆ ಸರ್ಕಾರದವರು ವರ್ಷದಲ್ಲಿ ಕೆಲವು ತಿಂಗಳಾದರೂ ಅಪ್ಪಣೆ ಕೊಡಬಾರದೇ ಎಂದು ದೊಡ್ಡಬಳ್ಳಾಪುರದ ಕಡೆಯ ಗ್ರಾಮಮುಖಂಡರು ಕೇಳುವುದುಂಟು. ಈ ಪ್ರಶ್ನೆಯು ಹಳೆಯ ಪದ್ಧತಿಯ ನೆನಪಿನಿಂದ ಹುಟ್ಟಿದುದು. ಮೈಸೂರು ಸಂಸ್ಥಾನದವರು 1901ನೆಯ ಇಸವಿಯಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗೆ ರೆಗ್ಯುಲೇಷನ್ ಮಾಡಿದ್ದರು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿಯೂ ಚುಕ್ಕೆಜಿಂಕೆಯನ್ನು ಲೈಸೆನ್ಸು ಪಡೆದು ಬೇಟೆಯಾಡಲು ಅವಕಾಶವಿದ್ದಿತು; 1991ರ ತಿದ್ದುಪಡಿಯಿಂದ ಅದೂ ನಿಂತಿತು. ಈಗ ಬೇಟೆಗೆ ಯಾವ ತಿಂಗಳೂ ಇಲ್ಲ.

ಶೀತದೇಶಗಳಲ್ಲಿ ಜಿಂಕೆಗಳು ಒಂದು ಗೊತ್ತಾದ ಋತುವಿನಲ್ಲಿಯೇ ಮರಿಹಾಕುವುದರಿಂದ ಬೇಟೆಯ ಕಾಲವನ್ನು ನಿಗದಿ ಮಾಡುವುದು ಸುಲಭ. ನಮ್ಮ ಹುಲ್ಲೆಯು ಸುಮಾರು ಆರು ತಿಂಗಳು ಗಬ್ಬವಿದ್ದು ಸಾಮಾನ್ಯವಾಗಿ ಒಂದೇ ಮರಿ ಹಾಕುವುದು. ವರ್ಷದ ಯಾವ ತಿಂಗಳಲ್ಲಾದರೂ ಮರಿಗಳು ಹುಟ್ಟಬಹುದು. ಚುಕ್ಕೆಜಿಂಕೆಯೂ ಹಾಗೆಯೇ. ತಾಯಿಮರಿಗಳಿಗೆ ಅಪಾಯವಿಲ್ಲದ ತಿಂಗಳೆಂಬುದು ನಮ್ಮಲ್ಲಿ ಸಿಕ್ಕುವುದು ಕಷ್ಟ.

ಇವೆರಡನ್ನೂ ಜನರು ಜಿಂಕೆಯೆಂದೇ ಕರೆಯುವರಾದರೂ ಕಾನೂನಿನಲ್ಲಿ ವ್ಯತ್ಯಾಸವುಂಟು. ಹುಲ್ಲೆ, ಎಂದರೆ ಕೃಷ್ಣಮೃಗದ ಗಂಡಿಗೆ ತಿರುಚಿದ, ಎಂದೂ ಉದುರದ ಕೊಂಬು. ಚುಕ್ಕೆಜಿಂಕೆಯ ಗಂಡಿಗೆ ಕವಲೊಡೆದು ವರ್ಷವರ್ಷವೂ ಉದುರುವ ಕೊಂಬು. ಹುಲ್ಲೆಯು ಒಂದನೆಯ ಅನುಸೂಚಿಗೆ ಸೇರಿದುದು. ಪೈರು ತಿಂದಿತೆಂಬ ಕಾರಣದಿಂದ ಅದನ್ನು ಕೊಲ್ಲಲು ಅಪ್ಪಣೆ ದೊರೆಯದು. ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸವೂ 25,000 ರೂಪಾಯಿಗಳಿಗೆ ಕಡಿಮೆಯಲ್ಲದ ಜುಲ್ಮಾನೆಯೂ ಉಂಟು. ಎರಡನೆಯ ಅನುಸೂಚಿಯ ಚುಕ್ಕೆಜಿಂಕೆಯು ನಿಂತ ಬೆಳೆಗೆ ಅಪಾಯಕರವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣವನ್ನು ನಮೂದಿಸಿ ಲಿಖಿತ ಅಪ್ಪಣೆ ಕೊಡಬಹುದು. ಊರಿನವರು ತಾವೇ ತೀರ್ಮಾನಿಸಿ ಬಂದೂಕು ಹಿಡಿಯಲಾಗದು.

ಹುಲ್ಲೆಯು ಬಯಲಿನ ಪ್ರಾಣಿ. ಗೋಮಾಳವು ಹೊಲವಾಗಿಯೋ ನೀಲಗಿರಿಯ ತೋಪಾಗಿಯೋ ಮಾರ್ಪಟ್ಟರೆ ಹಿಂಡಿಗೆ ರಾಗಿಯ ಹೊಲವೇ ಗತಿ. ನಮ್ಮ ಜಿಲ್ಲೆಗೆ ಉತ್ತರದಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಸುಮಾರು 800 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಹುಲ್ಲೆಗಳಿಗಾಗಿ ಸಂರಕ್ಷಿತ ಪ್ರದೇಶವನ್ನಾಗಿ ಮಾಡಿರುವರು. ಆದರೆ ಹಿಂಡುಗಳಿಗೆ ಎಲ್ಲೆಕಲ್ಲು ತಿಳಿಯದಷ್ಟೆ!

ಆದುದರಿಂದ ಗಮನಿಸತಕ್ಕದ್ದು ಬೇಟೆಯ ಕಾಲವನ್ನಲ್ಲ, ಪೈರಿನ ಕಾಲವನ್ನು. ರಾಗಿ, ಹುರುಳಿ, ಅವರೆಗಳು ಮೊಳೆತ ಮೊದಲ ನಾಲ್ಕು ವಾರಗಳಲ್ಲಿಯೂ, ತೆನೆ ಕಾಯಿ ಹೊರಡುವಾಗಲೂ ಕಾವಲು ಮುಖ್ಯ; ಅದರಲ್ಲಿಯೂ ಮುಂಜಾವ ಮತ್ತು ಸಂಜೆ. ಒಬ್ಬೊಬ್ಬರೇ ಕಾದರೆ ಹಿಂಡು ಪಕ್ಕದ ಹೊಲಕ್ಕೆ ನುಗ್ಗುವುದಲ್ಲದೆ ಊರು ಬಿಡುವುದಿಲ್ಲ. ಒಂದು ಬಯಲಿನವರೆಲ್ಲರೂ ಏಕಕಾಲದಲ್ಲಿ ಬಿತ್ತಿ ಸರದಿಯಂತೆ ಕಾಯುವ ಏರ್ಪಾಡನ್ನು ಮುಖಂಡರು ಮಾಡಿಸಬೇಕು. ಕಂಬದಿಂದ ನೇರವಾಗಿ ಬೇಲಿಯ ತಂತಿಗೆ ವಿದ್ಯುತ್ತು ಹರಿಸುವುದನ್ನು ಎಷ್ಟು ಮಾತ್ರಕ್ಕೂ ಸಹಿಸಕೂಡದು. ರಾತ್ರಿ ನೀರು ಕಟ್ಟಲು ಹೋಗುವ ಮನುಷ್ಯನನ್ನೂ ದನವನ್ನೂ ಆ ತಂತಿಯು ಬಿಡದು.

ನಷ್ಟವಾದಲ್ಲಿ ಕೊಯ್ಲಿಗೆ ಮುಂಚೆಯೇ, ಹೆಜ್ಜೆಗುರುತು ಅಳಿಯುವುದರೊಳಗೆ, ಪಹಣಿಯ ನಕಲನ್ನೂ ಹೊಲದ ಛಾಯಾಚಿತ್ರವನ್ನೂ ಲಗತ್ತಿಸಿ ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿ ಕೊಟ್ಟು ಸ್ಥಳಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.